ಟೆಕ್ಸಾಸ್ ಲೈಫ್ ಇನ್ಶೂರೆನ್ಸ್ ಲೈಸೆನ್ಸ್ ಪರೀಕ್ಷೆ: ಬಂದದ್ದು 66, ಬೇಕಿದ್ದದ್ದು 70

ಅರಸೀಕೆರೆ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನಿರುವುದು ಡಲ್ಲಾಸ್ ಹತ್ತಿರ, ಫ್ರಿಸ್ಕೋದಲ್ಲಿ. ಎಚ್4 ಇಎಡಿ, ಅಂದರೆ ಗಂಡನ ವೀಸಾ ಮೇಲೆ ಬಂದವರಿಗೆ ಸಿಗುವ ಕೆಲಸದ ಪರವಾನಗಿ, ಕೈಗೆ ಬಂದು ಎಂಟು ತಿಂಗಳಾಯಿತು. ಮೊನ್ನೆ ಗುರುವಾರ ಲೈಫ್ ಏಜೆಂಟ್ ಪರೀಕ್ಷೆ ಬರೆದೆ. ಫೇಲ್. 66 ಬಂದಿದೆ, ಪಾಸಾಗಲು 70 ಬೇಕು. ಅವರು ಕೊಟ್ಟ ಹಾಳೆ ಹಿಡಿದುಕೊಂಡು ಪಾರ್ಕಿಂಗ್‌ನಲ್ಲಿ ಹತ್ತು ನಿಮಿಷ ಸುಮ್ನೆ ಕಾರಿನೊಳಗೆ ಕೂತಿದ್ದೆ.

ಫೇಲಾಗಿದ್ದಕ್ಕಿಂತ ಬೇಜಾರು ಏನು ಗೊತ್ತಾ, ನಮ್ಮಪ್ಪ 27 ವರ್ಷ ಎಲ್‌ಐಸಿ ಏಜೆಂಟ್. ನಾನು ಹೈಸ್ಕೂಲಿನಲ್ಲಿದ್ದಾಗಲೇ ಅವರ ಡೈರಿಯಲ್ಲಿ ಯಾರ ಪ್ರೀಮಿಯಂ ಯಾವಾಗ ಡ್ಯೂ ಅಂತ ಬರೆದುಕೊಡುತ್ತಿದ್ದೆ. ಕೊಬ್ಬರಿ ಹರಾಜು ಮುಗಿದ ವಾರ ಅಪ್ಪನ ಸ್ಕೂಟರ್ ಊರೂರು ತಿರುಗುತ್ತಿತ್ತು, ದುಡ್ಡು ರೈತರ ಕೈಯಲ್ಲಿ ಇರುವಾಗಲೇ ಕಟ್ಟಿಸಬೇಕಲ್ಲ. ಲ್ಯಾಪ್ಸು, ರಿವೈವಲ್ಲು, ಪೇಡಪ್ಪು, ಸರೆಂಡರ್ರು ಇವೆಲ್ಲ ನಮ್ಮ ಮನೆಯ ಊಟದ ಹೊತ್ತಿನ ಮಾತು. ಹಾಗಾಗಿ ಇದೇನು ಮಹಾ ಅಂದುಕೊಂಡೆ. ಮೂರು ವಾರ ಓದಿದೆ, ಒಂದು ಆನ್‌ಲೈನ್ ಕೋರ್ಸಿನ ವಿಡಿಯೋ ಪೂರ್ತಿ ನೋಡಿದೆ, ಪ್ರಾಕ್ಟೀಸ್ ಟೆಸ್ಟ್ ನಾಲ್ಕೇ ನಾಲ್ಕು ಮಾಡಿದೆ.

ಹಾಳೆಯಲ್ಲಿ ಯಾವ ಭಾಗದಲ್ಲಿ ಎಷ್ಟು ಅಂತ ಕೊಟ್ಟಿದ್ದಾರೆ. ಪಾಲಿಸಿಗಳ ವಿಧ ಚೆನ್ನಾಗಿದೆ. ಪಾಲಿಸಿಯ ಷರತ್ತುಗಳು ಪರವಾಗಿಲ್ಲ ಅನ್ನುವ ಹಾಗಿದೆ. ಟೆಕ್ಸಾಸ್ ಕಾನೂನಿನ ಭಾಗ ಮಾತ್ರ ಮುಳುಗಿದೆ. ಆದರೆ ನನ್ನ ಅನುಮಾನ ಬೇರೆ. ನನಗೆ ಗೊತ್ತಿದೆ ಅಂದುಕೊಂಡು ಟಕ್ಕಂತ ಒತ್ತಿದ ಪ್ರಶ್ನೆಗಳಲ್ಲೇ ಜಾಸ್ತಿ ತಪ್ಪಾಗಿದೆ ಅನ್ನಿಸುತ್ತಿದೆ.

ಇಲ್ಲಿ ಯಾರಾದರೂ ಬರೆದವರಿದ್ದೀರಾ? ಮತ್ತೆ ಫೀಸು ಕಟ್ಟುವ ಮೊದಲು ಹೇಗೆ ಓದಬೇಕು ಅಂತ ಹೇಳಿ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಪ್ಲೇನೋ ಪರಮೇಶಿ:

ನಾನೂ ಮೊದಲ ಸಲ ಫೇಲ್, 68ಕ್ಕೆ. ಆದ್ದರಿಂದ ಸ್ವಲ್ಪ ಅಧಿಕಾರದಿಂದಲೇ ಹೇಳುತ್ತೇನೆ. ನಿಮ್ಮ ಅನುಮಾನ ಸರಿ. ನಿಮ್ಮನ್ನು ಕೆಡಿಸಿದ್ದು ನಿಮ್ಮಪ್ಪನ ಡೈರಿ.

ಎಲ್‌ಐಸಿ ಗೊತ್ತಿದ್ದವರಿಗೆ ಈ ಪರೀಕ್ಷೆ ಅರ್ಧ ಸುಲಭ, ಅರ್ಧ ಗುಂಡಿ. ಪದ ಕೇಳಿದ್ದೇ ಇರುತ್ತದೆ, ಒಳಗಿನ ಲೆಕ್ಕ ಬೇರೆ ಇರುತ್ತದೆ. ಗ್ರೇಸ್ ಪೀರಿಯಡ್ ತಗೊಳ್ಳಿ, ಡ್ಯೂ ದಿನ ದಾಟಿದ ಮೇಲೂ ಪ್ರೀಮಿಯಂ ಕಟ್ಟಲು ಕೊಡುವ ದಿನಗಳು. ನಮ್ಮಲ್ಲಿ ವರ್ಷಕ್ಕೊಮ್ಮೆ ಕಟ್ಟುವವರಿಗೆ 30 ದಿನ, ತಿಂಗಳಿಗೊಮ್ಮೆ ಕಟ್ಟುವವರಿಗೆ 15. ಇಲ್ಲಿನ ಪುಸ್ತಕದಲ್ಲಿ 30 ಅಥವಾ 31, ತಿಂಗಳ ಕಂತು ಅಂತ ಕಡಿಮೆಯಾಗುವುದಿಲ್ಲ. ಕಂಪನಿ ಪಾಲಿಸಿಯನ್ನು ಪ್ರಶ್ನೆ ಮಾಡುವ ಅವಧಿ ನಮ್ಮಲ್ಲಿ ವಿಮಾ ಕಾಯ್ದೆಯ ಸೆಕ್ಷನ್ 45ರ ಪ್ರಕಾರ ಮೂರು ವರ್ಷ, 2015ಕ್ಕೆ ಮೊದಲು ಎರಡಿತ್ತು. ಇಲ್ಲಿ ಎರಡು. ಆತ್ಮಹತ್ಯೆಯ ಷರತ್ತು ಎಲ್‌ಐಸಿಯಲ್ಲಿ 12 ತಿಂಗಳು, ಇಲ್ಲಿ ಟೆಕ್ಸಾಸ್ ಸೇರಿ ಹೆಚ್ಚಿನ ರಾಜ್ಯಗಳಲ್ಲಿ ಎರಡು ವರ್ಷ. ಫ್ರೀ ಲುಕ್, ಅಂದರೆ ಪಾಲಿಸಿ ಬೇಡ ಅನ್ನಿಸಿದರೆ ವಾಪಸ್ ಮಾಡುವ ಅವಧಿ, ನಮ್ಮಲ್ಲಿ ಈಗ 30 ದಿನ, ಇಲ್ಲಿನ ಪುಸ್ತಕ ಸಾಮಾನ್ಯವಾಗಿ 10 ಅನ್ನುತ್ತದೆ, ಅದೂ ಪಾಲಿಸಿ ಕೈಗೆ ಬಂದ ದಿನದಿಂದ. ನಾಲ್ಕು ಆಯ್ಕೆಗಳಲ್ಲಿ ನಿಮ್ಮ ತಲೆಯಲ್ಲಿರುವ ನಂಬರ್ರೂ ಒಂದಾಗಿ ಕೂತಿರುತ್ತದೆ. ಕೈ ಅಲ್ಲಿಗೇ ಹೋಗುತ್ತದೆ.

ನಂಬರ್ ಆದರೂ ಬಾಯಿಪಾಠ ಮಾಡಬಹುದು. ನಾಮಿನಿ ವಿಷಯದಲ್ಲಿ ನಾನು ಸರಿಯಾಗಿ ಬಿದ್ದೆ. ನಮ್ಮೂರಲ್ಲಿ ನಾಮಿನಿ ಅಂದರೆ ಎಷ್ಟೋ ಸಲ ದುಡ್ಡು ಪಡೆದು ವಾರಸುದಾರರಿಗೆ ಹಂಚಬೇಕಾದವರು ಅನ್ನುವ ಅರ್ಥ. 2015ರ ತಿದ್ದುಪಡಿ ಬಂದ ಮೇಲೆ ಗಂಡ, ಹೆಂಡತಿ, ಮಕ್ಕಳು, ತಂದೆ ತಾಯಿ ನಾಮಿನಿಯಾದರೆ ಅವರದೇ ಅಂತಾಯಿತು. ಇಲ್ಲಿನ ಬೆನಿಫಿಷಿಯರಿ ಹಾಗಲ್ಲ, ಹೆಸರು ಬರೆದರೆ ದುಡ್ಡು ಅವರದೇ. ಅದರಲ್ಲೂ ಇರ್ರೆವೊಕಬಲ್ ಅಂತ ಬರೆದುಬಿಟ್ಟರೆ, ಆಮೇಲೆ ಆ ಹೆಸರು ಬದಲಾಯಿಸುವುದಕ್ಕೂ ಪಾಲಿಸಿ ಮೇಲೆ ಸಾಲ ತೆಗೆಯುವುದಕ್ಕೂ ಆ ವ್ಯಕ್ತಿಯ ಒಪ್ಪಿಗೆ ಬೇಕು. ಪಾಲಿಸಿ ನನ್ನದು, ಪ್ರೀಮಿಯಂ ನನ್ನದು, ಆದರೂ ಬೇರೆಯವರ ಸಹಿ. ನನ್ನ ತಲೆಗೆ ಇದು ಹೋಗಲೇ ಇಲ್ಲ, ಎರಡು ಪ್ರಶ್ನೆ ಹೋದವು.

ಬೋನಸ್ ಕೂಡ ಹಾಗೇ. ಎಲ್‌ಐಸಿ ಬೋನಸ್ ಪಾಲಿಸಿಗೆ ಸೇರಿಕೊಂಡು ಕೊನೆಗೆ ಸಿಗುತ್ತದೆ. ಇಲ್ಲಿ ಅದೇ ಜಾಗದಲ್ಲಿ ಡಿವಿಡೆಂಡ್ ಇದೆ, ನೀವು ಜಾಸ್ತಿ ಕಟ್ಟಿದ್ದ ಪ್ರೀಮಿಯಂ ವಾಪಸ್ ಅನ್ನುವುದು ಅದರ ವ್ಯಾಖ್ಯೆ. ಆದ್ದರಿಂದಲೇ ಅದಕ್ಕೆ ತೆರಿಗೆ ಇಲ್ಲ. ಅದನ್ನು ಕಂಪನಿಯಲ್ಲೇ ಬಿಟ್ಟರೆ ಬರುವ ಬಡ್ಡಿಗೆ ಮಾತ್ರ ತೆರಿಗೆ. ಈ ಒಂದು ಸಾಲಿನ ಮೇಲೆ ಎಷ್ಟು ತರಹ ಪ್ರಶ್ನೆ ಮಾಡಬಹುದು ಅಂತ ಯೋಚಿಸಿ, ಅಷ್ಟೂ ತರಹ ಕೇಳುತ್ತಾರೆ. ಹಾಗೆಯೇ ಊರಿನ ತೆರಿಗೆ ಉಳಿಸುವ 80ಸಿ ಮರೆತುಬಿಡಿ. ಇಲ್ಲಿ ನಮ್ಮ ಸ್ವಂತ ಲೈಫ್ ಪಾಲಿಸಿಯ ಪ್ರೀಮಿಯಂಗೆ ವಿನಾಯಿತಿ ಇಲ್ಲ.

ನಾನು ಎರಡನೇ ಸಲ ಮಾಡಿದ್ದು ಇಷ್ಟು. ಒಂದು ಉದ್ದ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದೆ. ಎಡಕ್ಕೆ 'ಊರಲ್ಲಿ', ಬಲಕ್ಕೆ 'ಇಲ್ಲಿ'. ಮೂರು ಪುಟ ಆಯಿತು. ಪರೀಕ್ಷೆಯ ಹಿಂದಿನ ದಿನ ಬಲಗಡೆ ಮಾತ್ರ ಓದಿದೆ.

ಎಡಿಸನ್ ಅಕ್ಕ:

ಪರಮೇಶಿಯವರು ಹೇಳಿದ್ದಕ್ಕೆ ನನ್ನದೂ ಒಂದು ಸೇರಿಸುತ್ತೇನೆ. ನಾನು ನ್ಯೂಜೆರ್ಸಿಯಲ್ಲಿ ಬರೆದದ್ದು. ಇಲ್ಲಿ ಲೈಫ್‌ಗೆ 20 ಗಂಟೆ ಕ್ಲಾಸು ಕಡ್ಡಾಯ, ಅದರ ಸರ್ಟಿಫಿಕೇಟ್ ಇಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ. ಟೆಕ್ಸಾಸ್‌ನಲ್ಲಿ ಆ ಕಡ್ಡಾಯ ಇಲ್ಲ, ಯಾರು ಬೇಕಾದರೂ ಹೋಗಿ ಬರೆಯಬಹುದು. ಅದು ಅನುಕೂಲ ಅಂತ ಕಾಣುತ್ತದೆ, ಆದರೆ ಓದದೆ ಹೋಗುವವರು ಜಾಸ್ತಿಯಾಗುವುದೂ ಅದರಿಂದಲೇ ಅಲ್ವಾ.

ನಾನು ಪಿಯುಸಿವರೆಗೆ ಕನ್ನಡ ಮೀಡಿಯಂ. ನನಗೆ ವಿಮೆ ಕಷ್ಟ ಆಗಲಿಲ್ಲ, ಪ್ರಶ್ನೆಯ ಇಂಗ್ಲಿಷ್ ಕಷ್ಟ ಆಯಿತು. 'ಇವೆಲ್ಲವೂ ನಿಜ, ಒಂದನ್ನು ಬಿಟ್ಟು' ಅಂತ ಬರುತ್ತದಲ್ಲ, ಆ ಎಕ್ಸೆಪ್ಟ್ ಪ್ರಶ್ನೆಗಳು. ಮೊದಲ ಆಯ್ಕೆ ಓದುತ್ತೀರಿ, ಅದು ನಿಜ, ಖುಷಿಯಿಂದ ಒತ್ತಿಬಿಡುತ್ತೀರಿ. ಅಷ್ಟೇ, ಹೋಯಿತು. ನನಗೆ ಕೊಟ್ಟ ಬಿಳಿ ಬೋರ್ಡಿನ ಮೇಲೆ ಎ ಬಿ ಸಿ ಡಿ ಬರೆದು, ಒಂದೊಂದಕ್ಕೂ ಮುಂದೆ 'ಹೌದು', 'ಅಲ್ಲ' ಅಂತ ಕನ್ನಡದಲ್ಲೇ ಬರೆದುಕೊಂಡೆ. ಎಲ್ಲದಕ್ಕಿಂತ ಬೇರೆಯಾಗಿರುವುದೇ ಉತ್ತರ. ಮೇಲ್ವಿಚಾರಣೆಯ ಹುಡುಗಿ ಬೋರ್ಡ್ ವಾಪಸ್ ತಗೊಳ್ಳುವಾಗ ಏನಿದು ಜಿಲೇಬಿ ಅನ್ನುವ ಹಾಗೆ ನೋಡಿದಳು.

ಲೆಕ್ಕಕ್ಕೆ ಹಿಡಿಯದ ಪ್ರಶ್ನೆಗಳೂ ನಡುವೆ ಇರುತ್ತವೆ, ಮುಂದಿನ ಪರೀಕ್ಷೆಗಳಿಗೆ ಪ್ರಯೋಗ ಮಾಡುವಂಥವು. ಯಾವುದು ಅಂತ ಗೊತ್ತಾಗುವುದಿಲ್ಲ. ಕೇಳೇ ಇಲ್ಲದ ಪದ ಬಂದರೆ ಅಂಥದ್ದೇ ಇರಬೇಕು ಅಂದುಕೊಂಡು ಒಂದು ಊಹೆ ಒತ್ತಿ ಮುಂದೆ ಹೋಗಿ. ಅಲ್ಲೇ ಕೂತು ಬೆವರಬೇಡಿ.

ಇನ್ನೊಂದು, ಇದು ಓದಿಗೆ ಸಂಬಂಧ ಇಲ್ಲ. ಹೆಸರು! ನಮ್ಮ ಪಾಸ್‌ಪೋರ್ಟ್‌ಗಳಲ್ಲಿ ಇನಿಶಿಯಲ್ಲು, ತಂದೆ ಹೆಸರು, ಊರ ಹೆಸರು ಎಲ್ಲ ಕಲಸಿಕೊಂಡಿರುತ್ತದೆ. ನನ್ನ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತಿದೆ, ಫಸ್ಟ್ ನೇಮ್ ಅನ್‌ನೋನ್. ಮೂವತ್ತೈದು ವರ್ಷ ಇಟ್ಟುಕೊಂಡ ಹೆಸರು ಅಮೆರಿಕಕ್ಕೆ ಅಜ್ಞಾತ. ರಿಜಿಸ್ಟರ್ ಮಾಡುವಾಗ ನಾನು ಎಲ್ಲರೂ ಕರೆಯುವ ಹಾಗೆ ಬರೆದೆ, ಡ್ರೈವಿಂಗ್ ಲೈಸೆನ್ಸಿನಲ್ಲಿ ಬೇರೆ ಇತ್ತು. ಮೊದಲ ದಿನ ಬಾಗಿಲಲ್ಲೇ ವಾಪಸ್. ಫೀಸೂ ಹೋಯಿತು. ತಪ್ಪು ನನ್ನದೇ, ಸೂಚನೆಯಲ್ಲಿ ಬರೆದಿದ್ದರು. ಐಡಿಯಲ್ಲಿ ಇರುವ ಹಾಗೆ ಅಕ್ಷರಕ್ಕೆ ಅಕ್ಷರ ಹಾಕಿ.

ದಾವಣಗೆರೆ ಬೆಣ್ಣೆ:

ಓದುವ ವಿಷಯ ಅವರು ಹೇಳುತ್ತಿದ್ದಾರೆ. ನಾನು ಕೇಳುವುದು ಬೇರೆ. ಈ ಪರೀಕ್ಷೆ ಬರೆಯಿರಿ ಅಂತ ನಿಮಗೆ ಹೇಳಿದವರು ಯಾರು?

ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನನ್ನ ಕಥೆ ಹೀಗೆ. ಇಂಡಿಯನ್ ಅಂಗಡಿಯಲ್ಲಿ ಬೆಂಡೆಕಾಯಿ ತುದಿ ಮುರಿದು ನೋಡುತ್ತಿದ್ದೆ, ಒಬ್ಬರು ಬಂದು 'ನೀವು ಕನ್ನಡದವರಾ?' ಅಂದರು. ಎಷ್ಟು ಖುಷಿಯಾಯಿತು ನನಗೆ. ವಾರದೊಳಗೆ ಮನೆಗೆ ಊಟಕ್ಕೆ ಕರೆದರು, ಬಿಸಿಬೇಳೆಬಾತ್ ಆದ ಮೇಲೆ ಲ್ಯಾಪ್‌ಟಾಪ್ ತೆಗೆದರು. ಸೇರುವುದಕ್ಕೆ ಫೀಸು ಕಟ್ಟಿದೆ, ಪರೀಕ್ಷೆ ಪಾಸಾದೆ. ಮರುದಿನ ಕೊಟ್ಟ ಮೊದಲ ಕೆಲಸ, ಪರಿಚಯದ ನೂರು ಜನರ ಹೆಸರು ಬರೆಯುವುದು. ನನಗೆ ಈ ದೇಶದಲ್ಲಿ ಪರಿಚಯ ಇದ್ದವರು ಹದಿನೇಳು ಜನ, ಅದರಲ್ಲಿ ಇಬ್ಬರು ಮಗುವಿನ ಡೇಕೇರ್‌ನವರು. ಮೂರು ಪಾಲಿಸಿ ಮಾಡಿಸಿದೆ, ಒಂದು ನನ್ನದೇ. ಇನ್ನೊಂದು ಒಂಬತ್ತನೇ ತಿಂಗಳಿಗೆ ನಿಂತುಹೋಯಿತು, ಮುಂಗಡ ಬಂದ ಕಮಿಷನ್ ವಾಪಸ್ ಕಟ್ಟಿದೆ. ಆ ಮನೆಯವರು ಈಗ ನನ್ನನ್ನು ನೋಡಿದರೆ ಇನ್ನೊಂದು ಸಾಲಿಗೆ ತಿರುಗುತ್ತಾರೆ.

ಲೈಸೆನ್ಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಈಗ ನಾನು ಒಂದು ಸಣ್ಣ ಏಜೆನ್ಸಿಯಲ್ಲಿ ಸಂಬಳಕ್ಕಿದ್ದೇನೆ, ಅದೇ ಲೈಸೆನ್ಸಿನ ಮೇಲೆ. ಟೆಕ್ಸಾಸ್‌ನಲ್ಲಿ ಪರೀಕ್ಷೆಯ ಫೀಸು, ಬೆರಳಚ್ಚು, ಅರ್ಜಿಗೆ 50 ಡಾಲರ್, ಇಷ್ಟೇ ಸರ್ಕಾರದ ಖರ್ಚು. ಮಿಕ್ಕಿದ್ದು ಯಾರ ಜೇಬಿಗೆ ಅಂತ ಕೇಳಿಕೊಳ್ಳಿ. ಏನನ್ನು ಮಾರಲು ಹೇಳುತ್ತಾರೆ ಅಂತಲೂ ನೋಡಿ. ಬಂದವರಿಗೆಲ್ಲ ಇಂಡೆಕ್ಸ್ಡ್ ಯೂನಿವರ್ಸಲ್ ಲೈಫ್ (ಷೇರು ಸೂಚ್ಯಂಕಕ್ಕೆ ಬಡ್ಡಿ ಜೋಡಿಸಿದ ಉಳಿತಾಯದ ಪಾಲಿಸಿ) ಒಂದನ್ನೇ ತೋರಿಸುವವರಾದರೆ ಸ್ವಲ್ಪ ದೂರ ನಿಲ್ಲಿ, 30 ವರ್ಷದ ಹುಡುಗನಿಗೆ ಇಂತಿಷ್ಟು ವರ್ಷಕ್ಕೆ ಅಂತ ಮಾಡಿಸುವ ಟರ್ಮ್ ಪಾಲಿಸಿ ಸಾಕಾಗಿರುತ್ತದೆ.

ಇನ್ನೊಂದು ಮುಖ್ಯ ಮಾತು. ನಿಮಗೆ ಇಎಡಿ ಇದೆ, ಸರಿ. ನಿಮ್ಮ ಯಜಮಾನರು ಎಚ್1ಬಿ ಕೆಲಸದ ವೀಸಾದಲ್ಲಿದ್ದರೆ ಅವರನ್ನೂ ಸೇರಿಸಿ ಅಂತ ಒತ್ತಾಯ ಬರುತ್ತದೆ, 'ಪಾರ್ಟ್ ಟೈಮ್ ಅಷ್ಟೇ, ಏನೂ ಆಗಲ್ಲ' ಅನ್ನುತ್ತಾರೆ. ಎಚ್1ಬಿ ಇರುವುದು ಅರ್ಜಿ ಹಾಕಿದ ಕಂಪನಿಯ ಕೆಲಸಕ್ಕೆ. ಕಮಿಷನ್ ತಗೊಂಡರೆ ಅದು ಅನುಮತಿ ಇಲ್ಲದ ಕೆಲಸ. ಗ್ರೀನ್ ಕಾರ್ಡಿನ ಸಾಲಿನಲ್ಲಿ ಅಷ್ಟು ವರ್ಷ ನಿಂತು ಇದಕ್ಕೆ ಹೋಗಿ ಕಳೆದುಕೊಳ್ಳಬೇಡಿ.

ಅರಸೀಕೆರೆ ಹುಡುಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆಣ್ಣೆಯವರೇ, ಬೇಜಾರಿಲ್ಲ. ನನಗೂ ಹೇಳಿದ್ದು ಒಬ್ಬ ಪರಿಚಯದವರೇ, ಅಂಗಡಿಯಲ್ಲಲ್ಲ, ಯುಗಾದಿ ಊಟದಲ್ಲಿ. ನೂರು ಹೆಸರಿನ ಮಾತು ಇನ್ನೂ ಬಂದಿಲ್ಲ. ಬಂದರೆ ನಿಮ್ಮನ್ನು ನೆನೆಯುತ್ತೇನೆ. ಯಜಮಾನರನ್ನು ಅಂತೂ ಸೇರಿಸುವುದಿಲ್ಲ.

ಪರಮೇಶಿಯವರೇ, ನೋಟ್‌ಬುಕ್ ಶುರು ಮಾಡಿದೆ, ನಿನ್ನೆ ಒಂದೇ ದಿನಕ್ಕೆ ಎಡಗಡೆ ಎರಡು ಪುಟ ತುಂಬಿತು. ಮೂರು ಕಡೆ ಸಿಕ್ಕಿಕೊಂಡಿದ್ದೇನೆ. ಒಂದು, ಪ್ರೀಮಿಯಂ ನಿಲ್ಲಿಸಿದ ಮೇಲೆ ಸಿಗುವ ಆಯ್ಕೆಗಳು. ರೆಡ್ಯೂಸ್ಡ್ ಪೇಡಪ್ ನಮ್ಮ ಪೇಡಪ್ಪೇ ತಾನೇ? ಆದರೆ ಎಕ್ಸ್‌ಟೆಂಡೆಡ್ ಟರ್ಮ್ ಯಾವುದು, ಎರಡೂ ಅದಲು ಬದಲಾಗುತ್ತಿದೆ. ಎರಡು, ವಯಸ್ಸು ತಪ್ಪು ಬರೆದಿದ್ದರೆ ಪಾಲಿಸಿ ರದ್ದಾ? ಮೂರು, ಟೆಕ್ಸಾಸ್ ಕಾನೂನು. ಅದನ್ನು ಓದಿದರೆ ನಿದ್ದೆ ಬರುತ್ತದೆ.

ಪ್ಲೇನೋ ಪರಮೇಶಿ:

ಮೊದಲನೆಯದು. ಬಾಡಿಗೆ ಮನೆಯ ಹಾಗೆ ನೆನಪಿಟ್ಟುಕೊಳ್ಳಿ. ಕೈಯಲ್ಲಿ ಒಂದಿಷ್ಟು ದುಡ್ಡಿದೆ, ಇನ್ನು ಮುಂದೆ ದುಡಿಮೆ ಇಲ್ಲ. ಸಣ್ಣ ಮನೆ ಹಿಡಿದರೆ ಸಾಯುವತನಕ ಇರಬಹುದು, ಅದು ರೆಡ್ಯೂಸ್ಡ್ ಪೇಡಪ್. ಹೌದು, ನಿಮ್ಮಪ್ಪನ ಪೇಡಪ್ಪೇ. ಈಗಿರುವ ದೊಡ್ಡ ಮನೆಯೇ ಬೇಕು ಅಂದರೆ ಕೆಲವು ವರ್ಷ ಮಾತ್ರ, ಅದು ಎಕ್ಸ್‌ಟೆಂಡೆಡ್ ಟರ್ಮ್. ಮೊತ್ತ ಅಷ್ಟೇ, ಅವಧಿ ಕಡಿಮೆ. ಏನೂ ಹೇಳದೆ ಸುಮ್ಮನಿದ್ದರೆ ಸಾಮಾನ್ಯವಾಗಿ ತಾನಾಗಿಯೇ ಈ ಎರಡನೆಯದೇ ಆಗುತ್ತದೆ, ಅದನ್ನು ಕೇಳೇ ಕೇಳುತ್ತಾರೆ. ಮೂರನೆಯದು ದುಡ್ಡು ತಗೊಂಡು ಮನೆ ಬಿಡುವುದು, ಸರೆಂಡರ್.

ವಯಸ್ಸಿನದು ನಮ್ಮೂರವರು ತಪ್ಪು ಮಾಡಲೇಬಾರದ ಪ್ರಶ್ನೆ. ನಮ್ಮ ಕ್ಲಾಸಿನಲ್ಲಿ ಅರ್ಧ ಜನ ಜೂನ್ 1ನೇ ತಾರೀಕು ಹುಟ್ಟಿದವರು, ಮೇಷ್ಟ್ರು ಬರೆದುಕೊಂಡ ಜನ್ಮದಿನ. ನಮ್ಮ ದೊಡ್ಡಪ್ಪ ದಾಖಲೆಯಲ್ಲಿ ಅವರ ತಮ್ಮನಿಗಿಂತ ಚಿಕ್ಕವರು. ಇಲ್ಲಿನ ನಿಯಮ, ಪಾಲಿಸಿ ರದ್ದಾಗುವುದಿಲ್ಲ. 45 ವರ್ಷದವನು 40 ಅಂತ ಬರೆಸಿ ಪ್ರೀಮಿಯಂ ಕಟ್ಟಿದ್ದರೆ, ಅದೇ ಪ್ರೀಮಿಯಂಗೆ 45ನೇ ವಯಸ್ಸಿನಲ್ಲಿ ಎಷ್ಟು ಮೊತ್ತ ಸಿಗುತ್ತಿತ್ತೋ ಅಷ್ಟು ಕೊಡುತ್ತಾರೆ. ಪಾಲಿಸಿಯನ್ನು ಪ್ರಶ್ನೆ ಮಾಡುವ ಎರಡು ವರ್ಷದ ಗಡಿ ಇದಕ್ಕೆ ಅಡ್ಡ ಬರುವುದಿಲ್ಲ, ಯಾವಾಗ ಗೊತ್ತಾದರೂ ಸರಿಹೊಂದಿಸುತ್ತಾರೆ.

ಇನ್ಶೂರಬಲ್ ಇಂಟರೆಸ್ಟ್ ಕೂಡ ಒಮ್ಮೆ ನೋಡಿಕೊಳ್ಳಿ, ಅಂದರೆ ಆ ಜೀವ ಹೋದರೆ ನಮಗೆ ನಷ್ಟವಾಗುವಂಥ ಸಂಬಂಧ. ಪಾಲಿಸಿ ಮಾಡಿಸುವ ಹೊತ್ತಿಗೆ ಇದ್ದರೆ ಸಾಕು. ಇಬ್ಬರು ಸೇರಿ ದರ್ಶಿನಿ ಇಟ್ಟಾಗ ಪಾಲುದಾರನ ಜೀವದ ಮೇಲೆ ಪಾಲಿಸಿ ಮಾಡಿಸಿ, ಆಮೇಲೆ ಜಗಳವಾಡಿ ಬೇರೆಯಾದರೂ ಪ್ರೀಮಿಯಂ ಕಟ್ಟುತ್ತಾ ಬಂದಿದ್ದರೆ ದುಡ್ಡು ಸಿಗುತ್ತದೆ. ವಿಚಿತ್ರ ಅನ್ನಿಸುತ್ತದೆ, ಆದರೆ ಉತ್ತರ ಅದೇ.

ಕಾನೂನಿನ ಭಾಗಕ್ಕೆ ನಿದ್ದೆ ಬರುವುದು ಸಹಜ. ಇದು ರಾಜ್ಯದ ಕೈಯಲ್ಲಿ ಯಾಕಿದೆ ಅಂತ ತಿಳಿದುಕೊಂಡರೆ ಸ್ವಲ್ಪ ಎಚ್ಚರ ಬರಬಹುದು. 1869ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ವಿಮೆ ಅಂತರರಾಜ್ಯ ವ್ಯಾಪಾರವೇ ಅಲ್ಲ ಅಂದಿತು, ರಾಜ್ಯಗಳು ನೋಡಿಕೊಂಡವು. 1944ರಲ್ಲಿ ಅದೇ ಕೋರ್ಟು ಅಲ್ಲ, ಅದು ವ್ಯಾಪಾರವೇ ಅಂದಿತು. ಮರುವರ್ಷವೇ ಸಂಸತ್ತು ಮ್ಯಾಕ್‌ಕ್ಯಾರನ್ ಫರ್ಗ್ಯುಸನ್ ಕಾಯ್ದೆ ತಂದು ವಾಪಸ್ ರಾಜ್ಯಗಳಿಗೇ ಬಿಟ್ಟಿತು. ಹಾಗಾಗಿ ನಿಮಗೊಂದು ಪರೀಕ್ಷೆ, ಎಡಿಸನ್ ಅಕ್ಕನಿಗೊಂದು ಪರೀಕ್ಷೆ.

ಟೆಕ್ಸಾಸ್‌ಗೆ ಬೇಕಾದದ್ದು ಜಾಸ್ತಿ ಏನಿಲ್ಲ. ವಿಮಾ ಇಲಾಖೆಯ ಕಮಿಷನರ್‌ರನ್ನು ಗವರ್ನರ್ ನೇಮಿಸುತ್ತಾರೆ, ಎರಡು ವರ್ಷಕ್ಕೆ. ಕ್ಯಾಲಿಫೋರ್ನಿಯಾದಲ್ಲಿ ಜನ ಓಟು ಹಾಕಿ ಆರಿಸುತ್ತಾರೆ, ಬೇರೆ ರಾಜ್ಯದ ವಿಡಿಯೋ ನೋಡಿ ಕೆಟ್ಟವರು ಇಲ್ಲೇ ತಪ್ಪುತ್ತಾರೆ. ಲೈಸೆನ್ಸ್ ಎರಡು ವರ್ಷಕ್ಕೊಮ್ಮೆ ನವೀಕರಣ, ಅಷ್ಟರೊಳಗೆ 24 ಗಂಟೆ ಕ್ಲಾಸು. ಕಂಪನಿ ದಿವಾಳಿಯಾದರೆ ಗ್ಯಾರಂಟಿ ಸಂಘ ಸಾವಿನ ಪರಿಹಾರಕ್ಕೆ 3 ಲಕ್ಷ ಡಾಲರ್‌ವರೆಗೆ ನಿಲ್ಲುತ್ತದೆ, ಆದರೆ ಆ ಸಂಘದ ಹೆಸರು ಹೇಳಿ ಪಾಲಿಸಿ ಮಾರುವ ಹಾಗಿಲ್ಲ. ಟ್ವಿಸ್ಟಿಂಗ್ ಅಂದರೆ ಸುಳ್ಳು ಹೇಳಿ ಬೇರೆ ಕಂಪನಿಯ ಪಾಲಿಸಿ ಬಿಡಿಸುವುದು, ಚರ್ನಿಂಗ್ ಅಂದರೆ ಅದೇ ಕಂಪನಿಯೊಳಗೇ ಹಳೆಯದರ ದುಡ್ಡಲ್ಲಿ ಹೊಸದು ಮಾಡಿಸುವುದು. ಪರೀಕ್ಷೆಯ ವಿಷಯಪಟ್ಟಿ, ಪರೀಕ್ಷೆ ನಡೆಸುವ ಪಿಯರ್ಸನ್ ವ್ಯೂ ಕಂಪನಿಯ ಕೈಪಿಡಿಯಲ್ಲಿ ಪುಕ್ಕಟೆ ಇದೆ. ಅದನ್ನು ಪ್ರಿಂಟ್ ತೆಗೆದು, ಓದಿದ್ದಕ್ಕೆ ಟಿಕ್ ಹಾಕುತ್ತಾ ಹೋಗಿ. ವಿಡಿಯೋ ಸಾಕು. ದಿನಕ್ಕೆ ಒಂದು ಪೂರ್ತಿ ಪ್ರಾಕ್ಟೀಸ್ ಟೆಸ್ಟ್, ತಪ್ಪಾದದ್ದು ಮಾತ್ರ ಮತ್ತೆ ಓದು. ಸತತ ಮೂರು ಸಲ 85 ದಾಟಿದ ಮೇಲೆ ಫೀಸು ಕಟ್ಟಿ.

ಕೂಲ್ ಕಾಫಿ:

ಒಂದೇ ಮಾತು ಹೇಳಿ ಹೋಗುತ್ತೇನೆ. ಮನೆಯಿಂದಲೇ ಆನ್‌ಲೈನ್ ಬರೆಯಬಹುದು ಅಂತ ಆಸೆ ಪಡಬೇಡಿ, ಅದರಲ್ಲೂ ಊರಿಂದ ಯಾರಾದರೂ ಬಂದಿದ್ದರೆ. ಕೋಣೆಗೆ ಯಾರೂ ಬರಬಾರದು ಅಂತ ನಿಯಮ. ನಾನು ಬಾಗಿಲಿಗೆ ಚೀಟಿ ಅಂಟಿಸಿದ್ದೆ, ಇಂಗ್ಲಿಷಿನಲ್ಲಿ. ನಲವತ್ತನೇ ಪ್ರಶ್ನೆಗೆ ನಮ್ಮತ್ತೆ ಕಾಫಿ ತಂದರು. ಪಾಪ, ಬೆಳಗ್ಗೆಯಿಂದ ಓದುತ್ತಿದ್ದಾಳೆ ಅಂತ. ಪರೀಕ್ಷೆ ಅಲ್ಲಿಗೇ ರದ್ದು. ಕಾಫಿ ಚೆನ್ನಾಗಿತ್ತು.

ಅರಸೀಕೆರೆ ಹುಡುಗಿ:

ಐದು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಪಾಸ್! ಎಷ್ಟು ಬಂತು ಅಂತ ಕೇಳಬೇಡಿ. ಫೇಲಾದವರಿಗೆ ಭಾಗ ಭಾಗವಾಗಿ ಅಂಕ ಕೊಡುತ್ತಾರೆ, ಪಾಸಾದರೆ ಪಾಸ್ ಅಂತ ಮಾತ್ರ. ಬೆರಳಚ್ಚೂ ಆಯಿತು, ಅರ್ಜಿ ಹಾಕಿದ್ದೇನೆ.

ಜೂನ್ 1ರ ಪ್ರಶ್ನೆ ಬಂತು ಪರಮೇಶಿಯವರೇ, ನಿಮ್ಮ ದೊಡ್ಡಪ್ಪನನ್ನು ನೆನೆದು ಒತ್ತಿದೆ. ಎಕ್ಸೆಪ್ಟ್ ಪ್ರಶ್ನೆಗಳಿಗೆ 'ಹೌದು, ಅಲ್ಲ' ಬರೆದೆ ಅಕ್ಕ. ಬೆಣ್ಣೆಯವರೇ, ನೂರು ಹೆಸರಿನ ಪಟ್ಟಿ ಪಾಸಾದ ಮರುದಿನವೇ ಕೇಳಿದರು. ಸದ್ಯಕ್ಕೆ ಬೇಡ ಅಂದೆ, ಸಂಬಳದ ಕೆಲಸಕ್ಕೆ ಎರಡು ಕಡೆ ಅರ್ಜಿ ಹಾಕಿದ್ದೇನೆ.

ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಮೊದಲ ಸಲ ಫೇಲಾಗಿದ್ದನ್ನೂ. ನಕ್ಕರು. ಪ್ರಶ್ನೆ ಏನೇನು ಬಂದಿತ್ತು ಅಂತ ಒಂದೊಂದಾಗಿ ಕೇಳಿಸಿಕೊಂಡರು. ರಿಬೇಟಿಂಗ್ ವಿಷಯ ಬಂತು. ಏಜೆಂಟು ತನ್ನ ಕಮಿಷನ್‌ನಲ್ಲಿ ಗಿರಾಕಿಗೆ ಪಾಲು ಕೊಡಬಾರದು, ನಮ್ಮಲ್ಲೂ 1938ರ ಕಾಯ್ದೆಯ ಸೆಕ್ಷನ್ 41ರಲ್ಲಿ ಅದು ತಪ್ಪು, 10 ಲಕ್ಷದವರೆಗೆ ದಂಡ ಇದೆಯಂತಲ್ಲ ಅಪ್ಪ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, 'ಮೊದಲನೇ ಕಂತು ನೀವೇ ಕಟ್ಟಿ ಸಾರ್ ಅನ್ನುವವರಿಗೆ ಅಲ್ಲಿ ಏನು ಹೇಳುತ್ತಾರಂತೆ?' ಅಂತ ಕೇಳಿದರು.